ಗುಲಾಬಿ ಚುಕ್ಕೆಗಳ ಲೆಕ್ಕ: ದೂರದ ಗ್ಯಾಲಕ್ಸಿಯ ಅನಿಲವನ್ನು ಬೆಳಗಿಸುವ ನಕ್ಷತ್ರಗಳೆಷ್ಟು?

ಪ್ರಶ್ನೆ: ಸುರುಳಿ ಗ್ಯಾಲಕ್ಸಿಗಳ ಚಿತ್ರಗಳಲ್ಲಿ ತೋಳುಗಳ ಉದ್ದಕ್ಕೂ ಗುಲಾಬಿ ಬಣ್ಣದ ಚುಕ್ಕೆಗಳು ಕಾಣಿಸುತ್ತವೆ. ಅವು ಹೊಳೆಯುವ ಅನಿಲದ ಮೋಡಗಳು, ಒಳಗಿರುವ ಭಾರಿ ಬಿಸಿ ನಕ್ಷತ್ರಗಳು ಅವನ್ನು ಬೆಳಗಿಸುತ್ತವೆ ಎಂದು ಓದಿದ್ದೇನೆ. ಅಷ್ಟು ದೂರದಲ್ಲಿ ಆ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲವಲ್ಲ, ಹಾಗಿರುವಾಗ ಅವು ಎಷ್ಟಿವೆ, ಎಷ್ಟು ಬಿಸಿ ಎಂದು ಹೇಳುವುದು ಹೇಗೆ? ಒಂದೇ ಮೋಡ ಒಂದು ಚಿತ್ರದಲ್ಲಿ ಕೆಂಪಗೆ, ಇನ್ನೊಂದರಲ್ಲಿ ಹಸಿರಾಗಿ ಇರುವುದೇಕೆ? ನನ್ನ ಬಳಿ ಸಣ್ಣ ದೂರದರ್ಶಕ ಮತ್ತು ಕ್ಯಾಮೆರಾ ಇವೆ. ಇದನ್ನು ನಾನೇ ಅಳೆಯಬಹುದೇ?

ಉತ್ತರ: ಎಣಿಸುವುದಕ್ಕೆ ನಕ್ಷತ್ರ ಕಾಣಲೇಬೇಕೆಂದಿಲ್ಲ, ಅನಿಲ ಕಂಡರೆ ಸಾಕು. ಮೋಡವನ್ನು ಬೆಳಗಿಸುವ ಅತಿನೇರಳೆ ಬೆಳಕು ನಮ್ಮವರೆಗೆ ಬರುವುದೇ ಇಲ್ಲ, ಸುತ್ತಲಿನ ಹೈಡ್ರೋಜನ್ ಅದನ್ನು ಅಲ್ಲೇ ನುಂಗಿಬಿಡುತ್ತದೆ. ಆದರೆ ನುಂಗಿದ್ದಕ್ಕೆ ತಕ್ಕಷ್ಟು ಕೆಂಪು ಬೆಳಕನ್ನು ಹೊರಬಿಡುತ್ತದೆ. ಎಷ್ಟಕ್ಕೆ ಎಷ್ಟು ಎಂಬುದು ಪರಮಾಣು ಭೌತಶಾಸ್ತ್ರದಿಂದ ಚೆನ್ನಾಗಿ ಗೊತ್ತಿದೆ. ಹೀಗಾಗಿ ಮೋಡ ಒಂದು ವಿದ್ಯುತ್ ಮೀಟರ್ ಇದ್ದಂತೆ: ಮನೆಯೊಳಗೆ ಕಾಲಿಡದೆಯೇ ಎಷ್ಟು ಖರ್ಚಾಗುತ್ತಿದೆ ಎಂದು ಓದಿಕೊಳ್ಳಬಹುದು. ಮೀಟರ್ ಎಲ್ಲೆಲ್ಲಿ ತಪ್ಪು ತೋರಿಸುತ್ತದೆ ಎಂದು ಪತ್ತೆ ಹಚ್ಚುವುದೇ ಈ ಕ್ಷೇತ್ರದ ಅರ್ಧ ಕೆಲಸ. ಆದ್ದರಿಂದ ವಿಧಾನಕ್ಕೆ ಕೊಟ್ಟಷ್ಟೇ ಜಾಗವನ್ನು ತಪ್ಪುಗಳಿಗೂ ಕೊಡುತ್ತೇನೆ.

ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ತರಂಗದೂರದ ಲೆಕ್ಕದಲ್ಲಿ ಇದು 91.2 ನ್ಯಾನೋಮೀಟರ್. ಇದಕ್ಕಿಂತ ಗಿಡ್ಡ ತರಂಗದ ಫೋಟಾನ್‌ಗಳಿಗೆ ಮಾತ್ರ ಈ ಕೆಲಸ ಸಾಧ್ಯ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್ ಇರುವುದರಿಂದ ಅದರ ಬೆಳಕಿನ ಶಿಖರ 500 ನ್ಯಾನೋಮೀಟರ್ ಹತ್ತಿರ ಬೀಳುತ್ತದೆ, 91ರ ಆಚೆ ಲೆಕ್ಕಕ್ಕೆ ಸಿಗುವಷ್ಟು ಏನೂ ಉಳಿಯುವುದಿಲ್ಲ. ಮೇಲ್ಮೈ 40,000 ಕೆಲ್ವಿನ್ ಇರುವ ನಕ್ಷತ್ರದ ಶಿಖರ ಸುಮಾರು 72 ನ್ಯಾನೋಮೀಟರ್‌ನಲ್ಲಿದೆ, ಅಂದರೆ ಅದರ ಬೆಳಕಿನ ದೊಡ್ಡ ಪಾಲು ಹೈಡ್ರೋಜನ್ ಒಡೆಯಲು ತಕ್ಕದ್ದೇ. ಇಂಥವನ್ನು ಓ ವರ್ಗದ ನಕ್ಷತ್ರಗಳೆನ್ನುತ್ತಾರೆ. ಇವುಗಳ ರಾಶಿ ಸೂರ್ಯನ ಸುಮಾರು 15 ಪಟ್ಟಿನಿಂದ ಮೇಲಕ್ಕೆ, ತಾಪ ಸರಿಸುಮಾರು 30,000ದಿಂದ 50,000 ಕೆಲ್ವಿನ್.

ಈ ವರ್ಗದೊಳಗೂ ಏರಿಳಿತ ಬಹಳ ಕಡಿದು. (ಅಕ್ಷರದ ಮುಂದಿನ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ತಂಪು, ಬಿ ಎಂಬುದು ಓಗಿಂತ ತಂಪಾದ ಮುಂದಿನ ವರ್ಗ.) ಓ5 ನಕ್ಷತ್ರ ಸೆಕೆಂಡಿಗೆ ಸುಮಾರು 1.5 × 10⁴⁹ ಅಯಾನೀಕರಿಸುವ, ಅಂದರೆ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಬಲ್ಲ, ಫೋಟಾನ್‌ಗಳನ್ನು ಸೂಸುತ್ತದೆ. ಓ9ಕ್ಕೆ ಬಂದರೆ ಅದು 10⁴⁸ರ ಆಸುಪಾಸಿಗೆ ಇಳಿಯುತ್ತದೆ. ಬಿ1 ನಕ್ಷತ್ರದಲ್ಲಿ ಅದಕ್ಕೂ ನೂರಕ್ಕೂ ಹೆಚ್ಚು ಪಟ್ಟು ಕಡಿಮೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೋಡಿದರೆ ಓ5ಕ್ಕೂ ಓ9ಕ್ಕೂ ಮೂರು ಪಟ್ಟಿನಷ್ಟೇ ವ್ಯತ್ಯಾಸ, ಬಣ್ಣದಲ್ಲಂತೂ ವ್ಯತ್ಯಾಸವೇ ಇಲ್ಲ ಎನ್ನಬೇಕು. ಇಷ್ಟು ಬಿಸಿಯಾದ ಮೇಲೆ ಗೋಚರ ಬೆಳಕಿನ ಪಟ್ಟಿ ರೋಹಿತದ (ಬೆಳಕಿನ ಬಣ್ಣವಾರು ಹಂಚಿಕೆಯ) ಬಾಲದ ತುದಿಯಲ್ಲಿ ಉಳಿದುಬಿಡುತ್ತದೆ. 30,000 ಕೆಲ್ವಿನ್ ಆಗಲಿ 45,000 ಆಗಲಿ, ಆ ಬಾಲದ ಇಳಿಜಾರು ಹೆಚ್ಚುಕಡಿಮೆ ಒಂದೇ. ‘ನೀಲಿ ಬಣ್ಣ ಅಳೆದು ತಾಪ ಹೇಳುತ್ತೇನೆ’ ಎಂಬ ವಿಧಾನ ಇಲ್ಲಿ ಕೈಕೊಡುವುದು ಇದಕ್ಕೇ.

ಈಗ ಎಣಿಕೆಗೆ ಬರೋಣ. ಒಡೆದ ಹೈಡ್ರೋಜನ್ ಒಡೆದೇ ಇರುವುದಿಲ್ಲ. ಅಲೆಯುತ್ತಿರುವ ಎಲೆಕ್ಟ್ರಾನ್ ಯಾವುದೋ ಪ್ರೋಟಾನಿಗೆ ಮತ್ತೆ ಸಿಕ್ಕಿಕೊಂಡು, ಮೇಲಿನ ಮಟ್ಟದಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೂರನೇ ಮಟ್ಟದಿಂದ ಎರಡನೆಯದಕ್ಕೆ ಇಳಿದಾಗ 656.3 ನ್ಯಾನೋಮೀಟರ್‌ನ ಕೆಂಪು ಫೋಟಾನ್ ಹೊರಬರುತ್ತದೆ. ಇದೇ ಎಚ್-ಆಲ್ಫಾ. ನಾಲ್ಕರಿಂದ ಎರಡಕ್ಕೆ ಇಳಿದರೆ 486.1 ನ್ಯಾನೋಮೀಟರ್‌ನ ಎಚ್-ಬೀಟಾ, ಅದು ನೀಲಿ-ಹಸಿರು. ಸಮತೋಲನಕ್ಕೆ ಬಂದ ಮೋಡದಲ್ಲಿ ಪ್ರತಿ ಸೆಕೆಂಡಿಗೆ ಒಡೆಯುವಷ್ಟೇ ಪರಮಾಣುಗಳು ಮತ್ತೆ ಕೂಡುತ್ತವೆ. 10,000 ಕೆಲ್ವಿನ್ ತಾಪದ ಅನಿಲದಲ್ಲಿ ಹೀಗೆ ಕೂಡುವ ಪ್ರತಿ ನೂರು ಪರಮಾಣುಗಳಲ್ಲಿ ಸುಮಾರು 45 ಒಂದೊಂದು ಎಚ್-ಆಲ್ಫಾ ಫೋಟಾನ್ ಕೊಡುತ್ತವೆ. ತಾಪ ಸ್ವಲ್ಪ ಆಚೀಚೆ ಆದರೂ ಈ ಪಾಲು ಹೆಚ್ಚು ಬದಲಾಗುವುದಿಲ್ಲ, ಅದೇ ನಮ್ಮ ಅದೃಷ್ಟ. ಇಷ್ಟೊಂದು ಪರಮಾಣುಗಳು ಎಚ್-ಆಲ್ಫಾದ ದಾರಿ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಮೇಲಿನ ಮಟ್ಟದಿಂದ ನೇರವಾಗಿ ಒಂದನೇ ಮಟ್ಟಕ್ಕೆ ಹಾರಿ ಹೊರಟ ಅತಿನೇರಳೆ ಫೋಟಾನನ್ನು ಪಕ್ಕದ ಹೈಡ್ರೋಜನ್ ಪರಮಾಣು ಹೀರಿಕೊಳ್ಳುತ್ತದೆ. ಅಲ್ಲಿ ಮತ್ತೆ ಇಳಿಯುವ ಆಟ. ಕೊನೆಗೊಮ್ಮೆ ಎರಡನೇ ಮಟ್ಟದ ಮೂಲಕ ಇಳಿದಾಗಲೇ ಗೋಚರ ಬೆಳಕು ತಪ್ಪಿಸಿಕೊಂಡು ಹೊರಗೆ ಬರುತ್ತದೆ. ಹೈಡ್ರೋಜನ್ ರೇಖೆಯ ಬೆಳಕಿನಿಂದ ನಕ್ಷತ್ರದ ಅತಿನೇರಳೆ ಫೋಟಾನ್‌ಗಳನ್ನು ಎಣಿಸುವ ಈ ಉಪಾಯವನ್ನು ಹರ್ಮನ್ ಝಾನ್‌ಸ್ಟ್ರಾ 1920ರ ದಶಕದಲ್ಲಿ ತೋರಿಸಿಕೊಟ್ಟರು.

ಒಂದು ಉದಾಹರಣೆಯನ್ನು ಅಂಕಿಗಳಲ್ಲೇ ಮಾಡಿ ನೋಡಿ. ದೂರ ಗೊತ್ತಿರುವ ಗ್ಯಾಲಕ್ಸಿಯೊಂದರ ಮೋಡ ಎಚ್-ಆಲ್ಫಾದಲ್ಲಿ 10³³ ವ್ಯಾಟ್ ಹೊರಸೂಸುತ್ತಿದೆ ಎನ್ನೋಣ. ನಮ್ಮ ನೆರೆಯ ಸಣ್ಣ ಗ್ಯಾಲಕ್ಸಿಯಾದ ದೊಡ್ಡ ಮ್ಯಾಗೆಲನ್ ಮೋಡದ ಟರಾಂಟುಲ ನೀಹಾರಿಕೆ ಇದೇ ದರ್ಜೆಯದ್ದು. ಒಂದು ಎಚ್-ಆಲ್ಫಾ ಫೋಟಾನಿನ ಶಕ್ತಿ 3.03 × 10⁻¹⁹ ಜೂಲ್. ಭಾಗಿಸಿದರೆ ಸೆಕೆಂಡಿಗೆ 3.3 × 10⁵¹ ಕೆಂಪು ಫೋಟಾನ್‌ಗಳು. ಅದನ್ನು 0.45ರಿಂದ ಭಾಗಿಸಿದರೆ 7.3 × 10⁵¹ ಅಯಾನೀಕರಿಸುವ ಫೋಟಾನ್‌ಗಳು. ಓ6 ನಕ್ಷತ್ರವೊಂದು ಸುಮಾರು 10⁴⁹ ಕೊಡುತ್ತದೆಂದು ಹಿಡಿದರೆ, ಈ ಮೋಡಕ್ಕೆ 730 ಓ6 ನಕ್ಷತ್ರಗಳಷ್ಟು ಬಲ ಬೇಕು. ಹೋಲಿಕೆಗೆ ನಮ್ಮದೇ ಓರಾಯನ್ ನೀಹಾರಿಕೆಯನ್ನು ತೆಗೆದುಕೊಳ್ಳಿ. 1,350 ಜ್ಯೋತಿರ್ವರ್ಷ ದೂರದ ಆ ಮೋಡವನ್ನು ಬಹುಮಟ್ಟಿಗೆ ಒಂದೇ ನಕ್ಷತ್ರ, ಥೀಟಾ-1 ಓರಯಾನಿಸ್ ಸಿ, ಬೆಳಗಿಸುತ್ತಿದೆ.

ಗಮನಿಸಿ, 730 ಎಂಬುದು ‘ಓ6ಕ್ಕೆ ಸಮನಾದ’ ಸಂಖ್ಯೆ. ಅಲ್ಲಿ ನಿಜವಾಗಿ 730 ಓ6 ನಕ್ಷತ್ರಗಳು ಕುಳಿತಿವೆ ಎಂದಲ್ಲ. ಈ ಒಂದು ಮಾತನ್ನು ಮರೆತು ಬರೆದ ಲೇಖನಗಳು ಬೇಕಾದಷ್ಟಿವೆ. ನಕ್ಷತ್ರಗಳು ಹುಟ್ಟುವಾಗ ಸಣ್ಣವು ಬಹಳ, ದೊಡ್ಡವು ಅತಿ ವಿರಳ. ಆದರೂ ಆ ವಿರಳ ದೊಡ್ಡವೇ ಫೋಟಾನ್‌ಗಳ ಬಹುಪಾಲನ್ನು ಒದಗಿಸುತ್ತವೆ. ಟರಾಂಟುಲದ ನಡುವಿನ ಆರ್136 ನಕ್ಷತ್ರಗುಚ್ಛದಲ್ಲಿರುವ ಆರ್136ಎ1 ನಕ್ಷತ್ರ ಒಂದೇ ಹಲವು ಹತ್ತು ಓ6ಗಳಷ್ಟು ಫೋಟಾನ್ ಸೂಸುತ್ತದೆ. ಅಂಥದ್ದೊಂದು ಇದ್ದರೆ ಲೆಕ್ಕವೇ ಬೇರೆ, ಇಲ್ಲದಿದ್ದರೆ ಬೇರೆ. ಸೂರ್ಯನ ಕೆಲವು ನೂರು ಪಟ್ಟು ರಾಶಿಯ ಸಣ್ಣ ಗುಚ್ಛದಲ್ಲಿ ಇದು ಪೂರ್ತಿ ಅದೃಷ್ಟದ ಆಟ: ಒಂದೇ ರಾಶಿಯ ಎರಡು ಗುಚ್ಛಗಳಲ್ಲಿ ಒಂದಕ್ಕೆ ಓ ನಕ್ಷತ್ರ ಸಿಕ್ಕಿರುತ್ತದೆ, ಇನ್ನೊಂದಕ್ಕೆ ಸಿಕ್ಕಿರುವುದೇ ಇಲ್ಲ. ಆದ್ದರಿಂದ ಎಚ್-ಆಲ್ಫಾದಿಂದ ‘ಇಷ್ಟು ರಾಶಿಯ ನಕ್ಷತ್ರಗಳು ಹುಟ್ಟಿವೆ’ ಎಂದು ತೀರ್ಮಾನಿಸುವ ಸೂತ್ರಗಳನ್ನು ಇಡೀ ಗ್ಯಾಲಕ್ಸಿಗೆ ಅಥವಾ ದೈತ್ಯ ಮೋಡಗಳಿಗೆ ಬಳಸಿ, ಒಂಟಿ ಸಣ್ಣ ಚುಕ್ಕೆಗೆ ಬಳಸಬೇಡಿ.

ಬಿಡಿಯಾಗಿ ಕಾಣದ್ದನ್ನು ಒಂದೇ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೂ ಆರ್136 ಒಳ್ಳೆಯ ಪಾಠ. 1980ರ ದಶಕದ ಆರಂಭದಲ್ಲಿ ಅದರ ನಡುವಿನ ಪ್ರಕಾಶಮಾನ ಬಿಂದು ಒಂದೇ ನಕ್ಷತ್ರ, ಅದರ ರಾಶಿ ಸೂರ್ಯನ ಸಾವಿರಾರು ಪಟ್ಟು ಎಂಬ ವಾದ ಗಂಭೀರವಾಗಿಯೇ ನಡೆದಿತ್ತು. 1985ರಲ್ಲಿ ವಾತಾವರಣದ ಕಂಪನವನ್ನು ಲೆಕ್ಕದಿಂದ ತೆಗೆದುಹಾಕುವ ಸ್ಪೆಕಲ್ ವಿಧಾನದಲ್ಲಿ ನೋಡಿದಾಗ, ಒಂದು ಆರ್ಕ್‌ಸೆಕೆಂಡಿನೊಳಗೆ (ಡಿಗ್ರಿಯ 3,600ನೇ ಒಂದು ಭಾಗ) ಎಂಟು ನಕ್ಷತ್ರಗಳು ಬಿಡಿಸಿಕೊಂಡವು. ಹಬಲ್ ದೂರದರ್ಶಕ ಇನ್ನಷ್ಟನ್ನು ಬಿಡಿಸಿತು. ಆ ಎಂಟರಲ್ಲಿ ಒಂದಾದ ಆರ್136ಎ1ಕ್ಕೆ 2010ರಲ್ಲಿ 265 ಸೂರ್ಯರಾಶಿ ಎಂದು ಅಂದಾಜಿಸಿದರು, ಈಚಿನ ಅಂದಾಜುಗಳು 200ರ ಹತ್ತಿರಕ್ಕೆ ಇಳಿದಿವೆ. ಟರಾಂಟುಲ ಇರುವುದು 1,60,000 ಜ್ಯೋತಿರ್ವರ್ಷ ದೂರದಲ್ಲಿ, ಅಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 0.8 ಜ್ಯೋತಿರ್ವರ್ಷ. ಟ್ರಯಾಂಗುಲಂ ಗ್ಯಾಲಕ್ಸಿ ಎಂ33ರಲ್ಲಿ ಅದೇ ಕೋನ 13 ಜ್ಯೋತಿರ್ವರ್ಷ ಆಗುತ್ತದೆ. 2.1 ಕೋಟಿ ಜ್ಯೋತಿರ್ವರ್ಷ ದೂರದ ಸುರುಳಿ ಗ್ಯಾಲಕ್ಸಿ ಎಂ101ರಲ್ಲಿ 100 ಜ್ಯೋತಿರ್ವರ್ಷ. ಎಂದರೆ ನೆಲದ ಮೇಲಿನ ಸಾಧಾರಣ ದೂರದರ್ಶಕಕ್ಕೆ ಎಂ101ರಲ್ಲಿ ಒಂದಿಡೀ ಗುಚ್ಛ ಒಂದು ಬಿಂದು. ಅಲ್ಲಿ ‘ಅತಿ ಪ್ರಕಾಶಮಾನ ಒಂಟಿ ನಕ್ಷತ್ರ’ ಕಂಡಿತೆಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ರೆಸಲ್ಯೂಶನ್ ಎಷ್ಟು ಎಂದು.

ಮೋಡದ ಗಾತ್ರಕ್ಕೂ ಒಂದು ಲೆಕ್ಕವಿದೆ, ಅದನ್ನು ಬೆಂಗ್ಟ್ ಸ್ಟ್ರಾಮ್‌ಗ್ರೆನ್ 1939ರಲ್ಲಿ ಕೊಟ್ಟರು. ನಕ್ಷತ್ರ ಕೊಡುವ ಫೋಟಾನ್‌ಗಳೂ ಮರುಕೂಡಿಕೆಯೂ ಸಮವಾಗುವ ದೂರದವರೆಗೆ ಅನಿಲ ಅಯಾನೀಕರಿಸಿರುತ್ತದೆ, ಅಲ್ಲಿಂದಾಚೆ ಥಟ್ಟನೆ ತಟಸ್ಥ ಹೈಡ್ರೋಜನ್. 10⁴⁹ ಫೋಟಾನ್ ಕೊಡುವ ನಕ್ಷತ್ರದ ಸುತ್ತ, ಘನ ಸೆಂಟಿಮೀಟರಿಗೆ 100 ಪರಮಾಣು ಇದ್ದರೆ ಈ ಗೋಳದ ತ್ರಿಜ್ಯ ಸುಮಾರು 10 ಜ್ಯೋತಿರ್ವರ್ಷ. ಸಾಂದ್ರತೆ 10ಕ್ಕೆ ಇಳಿದರೆ ತ್ರಿಜ್ಯ 48 ಜ್ಯೋತಿರ್ವರ್ಷಕ್ಕೆ ಹಿಗ್ಗುತ್ತದೆ. ಫೋಟಾನ್ ಸಂಖ್ಯೆಯ ಘನಮೂಲಕ್ಕೆ ತಕ್ಕಂತೆ ಮಾತ್ರ ತ್ರಿಜ್ಯ ಬೆಳೆಯುವುದರಿಂದ, ಸಾವಿರ ನಕ್ಷತ್ರ ಸೇರಿಸಿದರೂ ಮೋಡ ಹತ್ತು ಪಟ್ಟಷ್ಟೇ ದೊಡ್ಡದಾಗುತ್ತದೆ. ಎಂ33ರ ಎನ್‌ಜಿಸಿ 604 ಎಂಬ ಮೋಡ ಸುಮಾರು 1,500 ಜ್ಯೋತಿರ್ವರ್ಷ ಅಗಲವಿದೆ. ಒಳಗಿರುವುದು ಸುಮಾರು 200 ಬಿಸಿ ನಕ್ಷತ್ರಗಳು. ಒಂದೇ ಸಾಂದ್ರತೆಯ ಗೋಳವೆಂದು ಹಿಡಿದು ಲೆಕ್ಕ ಹಾಕಿದರೆ ಅನಿಲ ಬಹಳ ತೆಳುವಾಗಿರಬೇಕು ಎಂದು ಬರುತ್ತದೆ. ರೋಹಿತದ ರೇಖೆಗಳಿಂದ ಅಳೆದ ಸಾಂದ್ರತೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಎರಡೂ ಸರಿಯೇ. ಅಲ್ಲಿನ ಅನಿಲ ಎಳೆಗಳಾಗಿ, ಗಂಟುಗಳಾಗಿ ಹರಡಿದೆ, ನಡುನಡುವೆ ನಕ್ಷತ್ರಮಾರುತ (ನಕ್ಷತ್ರಗಳು ಊದುವ ಅನಿಲ) ಕೊರೆದ ಪೊಳ್ಳುಗಳಿವೆ. ಬೆಳಕು ಬರುವುದು ಗಂಟುಗಳಿಂದ, ಜಾಗ ತುಂಬಿರುವುದು ಪೊಳ್ಳುಗಳಿಂದ.

ಘನ ಸೆಂಟಿಮೀಟರಿಗೆ 100 ಪರಮಾಣುಗಳಿರುವ ಮೋಡದಲ್ಲಿ ಮರುಕೂಡಿಕೆಗೆ ತಗಲುವ ಸಮಯ ಸುಮಾರು 1,200 ವರ್ಷ. ನಕ್ಷತ್ರಗಳೆಲ್ಲ ಒಮ್ಮೆಲೇ ಆರಿಹೋದರೆ ಆ ಹೊತ್ತಿನಲ್ಲಿ ಮೋಡವೂ ಆರುತ್ತದೆ. ಖಗೋಳದ ಗಡಿಯಾರದಲ್ಲಿ ಇದು ಕ್ಷಣಮಾತ್ರ. ಹೀಗಾಗಿ ಎಚ್-ಆಲ್ಫಾ ಕಂಡಿತೆಂದರೆ ಆ ಬೆಳಕು ಹೊರಟ ಹೊತ್ತಿಗೆ ಬಿಸಿ ನಕ್ಷತ್ರಗಳು ಉರಿಯುತ್ತಲೇ ಇದ್ದವು. ಅಂಥ ನಕ್ಷತ್ರಗಳ ಆಯಸ್ಸೂ ಕಡಿಮೆ: 100 ಸೂರ್ಯರಾಶಿಯದ್ದು ಸುಮಾರು 30 ಲಕ್ಷ ವರ್ಷ, 20 ಸೂರ್ಯರಾಶಿಯದ್ದು 80 ಲಕ್ಷದಿಂದ ಒಂದು ಕೋಟಿ ವರ್ಷ. ಗುಲಾಬಿ ಚುಕ್ಕೆಗಳು ಸುರುಳಿ ತೋಳುಗಳಿಗೇ ಅಂಟಿಕೊಂಡಿರುವುದು ಇದರಿಂದ. ಹುಟ್ಟಿದ ಜಾಗ ಬಿಟ್ಟು ದೂರ ಹೋಗುವಷ್ಟು ಕಾಲ ಅವು ಬದುಕುವುದಿಲ್ಲ. ಗುಚ್ಛದ ವಯಸ್ಸನ್ನು ಇನ್ನೂ ಸರಿಯಾಗಿ ತಿಳಿಯಬೇಕಾದರೆ ಎಚ್-ಆಲ್ಫಾ ರೇಖೆಯ ಬಲವನ್ನು ಅದರ ಪಕ್ಕದ ನಿರಂತರ ಬೆಳಕಿನೊಂದಿಗೆ (ರೇಖೆಗಳಿಲ್ಲದೆ ಎಲ್ಲ ಬಣ್ಣಗಳಲ್ಲೂ ಹರಡಿದ ಬೆಳಕು) ಹೋಲಿಸುತ್ತಾರೆ. ಎಳೆಯ ಗುಚ್ಛದಲ್ಲಿ ಈ ರೇಖೆ 100 ನ್ಯಾನೋಮೀಟರ್ ಅಗಲದ ನಿರಂತರ ಬೆಳಕಿಗೆ ಸಮನಾಗಿರಬಹುದು. ಒಂದು ಕೋಟಿ ವರ್ಷ ಕಳೆಯುವಷ್ಟರಲ್ಲಿ ಅದು ಹತ್ತಾರು ಪಟ್ಟು ಕುಸಿದಿರುತ್ತದೆ. ಈ ಗಡಿಯಾರವನ್ನು ಕೆಡಿಸುವುದು ಜೋಡಿ ನಕ್ಷತ್ರಗಳು. ಭಾರಿ ನಕ್ಷತ್ರಗಳಲ್ಲಿ ಶೇಕಡಾ 70ರಷ್ಟು ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯೊಂದಿಗೆ ಅನಿಲ ಹಂಚಿಕೊಳ್ಳುತ್ತವೆ ಎಂದು 2012ರ ಅಧ್ಯಯನವೊಂದು ತೋರಿಸಿದೆ. ಹೊದಿಕೆ ಕಳಚಿಕೊಂಡ ನಕ್ಷತ್ರ ಬಿಸಿ ತಿರುಳು ತೋರಿಸುತ್ತ, ಗುಚ್ಛ ಹಳತಾದ ಮೇಲೂ ಅಯಾನೀಕರಿಸುವ ಬೆಳಕು ಕೊಡುತ್ತಲೇ ಇರುತ್ತದೆ.

ಇನ್ನು ತಾಪ. ಇಲ್ಲಿ ಎರಡು ಬೇರೆಬೇರೆ ತಾಪಗಳಿವೆ, ಅವನ್ನು ಕಲಸಿಬಿಟ್ಟರೆ ಎಲ್ಲವೂ ಗೊಂದಲ. ನಕ್ಷತ್ರದ ಮೇಲ್ಮೈ 40,000 ಕೆಲ್ವಿನ್ ಇರಬಹುದು. ಅನಿಲದ್ದು ಸಾಮಾನ್ಯವಾಗಿ 7,000ದಿಂದ 12,000. ನಕ್ಷತ್ರಗಳು ಬಿಡಿಯಾಗಿ ಸಿಕ್ಕರೆ, ಅಂದರೆ ಮ್ಯಾಗೆಲನ್ ಮೋಡಗಳಲ್ಲಿ ಅಥವಾ ದೊಡ್ಡ ದೂರದರ್ಶಕದಿಂದ ಎಂ33ರವರೆಗೆ, ಅವುಗಳ ರೋಹಿತದಲ್ಲಿ ಹೀಲಿಯಂನ ಎರಡು ಹೀರುರೇಖೆಗಳನ್ನು (ಬೆಳಕು ಹೀರಿಹೋಗಿ ಉಳಿದ ಕಪ್ಪು ರೇಖೆಗಳನ್ನು) ನೋಡುತ್ತಾರೆ: ತಟಸ್ಥ ಹೀಲಿಯಂನದ್ದು 447.1 ನ್ಯಾನೋಮೀಟರ್, ಒಮ್ಮೆ ಅಯಾನೀಕರಿಸಿದ ಹೀಲಿಯಂನದ್ದು 454.1. ನಕ್ಷತ್ರ ಬಿಸಿಯಾದಷ್ಟೂ ಮೊದಲನೆಯದು ಕ್ಷೀಣ, ಎರಡನೆಯದು ಗಾಢ. ಓ7ರಲ್ಲಿ ಎರಡೂ ಸಮ. ಇಲ್ಲೊಂದು ಬಲೆಯಿದೆ. ಸುತ್ತಲಿನ ಮೋಡವೂ 447.1ರಲ್ಲಿ ಬೆಳಕು ಸೂಸುತ್ತದೆ, ಆ ಬೆಳಕು ನಕ್ಷತ್ರದ ಹೀರುರೇಖೆಯ ಗುಂಡಿಯನ್ನು ತುಂಬಿಬಿಡುತ್ತದೆ. ಸರಿಯಾಗಿ ಕಳೆಯದಿದ್ದರೆ ನಕ್ಷತ್ರ ಇದ್ದದ್ದಕ್ಕಿಂತ ಬಿಸಿಯಾಗಿ ತೋರುತ್ತದೆ. ಮೋಡ ಎಲ್ಲ ಕಡೆ ಒಂದೇ ಸಮ ಹೊಳೆಯದೆ ಇರುವುದರಿಂದ, ಪಕ್ಕದ ಜಾಗದ ಬೆಳಕನ್ನು ಅಳೆದು ಕಳೆಯುವುದೂ ಸಲೀಸಲ್ಲ.

ನಕ್ಷತ್ರ ಕಾಣದಿದ್ದರೆ ಮತ್ತೆ ಅನಿಲವನ್ನೇ ಕೇಳಬೇಕು. ಹೀಲಿಯಂ ಒಡೆಯಲು 24.6 ಎಲೆಕ್ಟ್ರಾನ್ ವೋಲ್ಟ್ ಬೇಕು, ಆಮ್ಲಜನಕದ ಎರಡನೇ ಎಲೆಕ್ಟ್ರಾನ್ ಕೀಳಲು 35.1. ಹೈಡ್ರೋಜನ್‌ಗೆ ಹೋಲಿಸಿದರೆ ಇವು ಎಷ್ಟರಮಟ್ಟಿಗೆ ಒಡೆದಿವೆ ಎಂಬುದು ನಕ್ಷತ್ರದ ಬೆಳಕು ಎಷ್ಟು ‘ಗಡಸು’ ಎಂದು ತಿಳಿಸುತ್ತದೆ. ಓ9 ನಕ್ಷತ್ರದ ಸುತ್ತ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ವಿರಳ, ಓ4ರ ಸುತ್ತ ಧಾರಾಳ. ನೀವು ಕೇಳಿದ ಹಸಿರಿನ ಒಂದು ಮೂಲ ಆ ಆಮ್ಲಜನಕ.

1864ರಲ್ಲಿ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ನೀಹಾರಿಕೆಗೆ ರೋಹಿತದರ್ಶಕ ಹಿಡಿದಾಗ ಪ್ರಕಾಶಮಾನ ಹಸಿರು ರೇಖೆ ಸಿಕ್ಕಿತು. ಭೂಮಿಯ ಮೇಲಿನ ಯಾವ ವಸ್ತುವಿನಲ್ಲೂ ಆ ರೇಖೆ ಕಂಡಿರಲಿಲ್ಲವಾದ್ದರಿಂದ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಿದರು. 1927ರಲ್ಲಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಎಂದು ಬಿಡಿಸಿದರು. ಬೇರೆ ಕಣ ಬಂದು ಡಿಕ್ಕಿಯಾಗದಿದ್ದರೆ ಉದ್ರಿಕ್ತ (ಶಕ್ತಿ ಪಡೆದು ಮೇಲಿನ ಮಟ್ಟಕ್ಕೇರಿದ) ಆಮ್ಲಜನಕ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾದು ಆಮೇಲೆ 500.7 ಅಥವಾ 495.9 ನ್ಯಾನೋಮೀಟರ್ ಫೋಟಾನ್ ಬಿಡುತ್ತದೆ. ಭೂಮಿಯ ಮೇಲೆ ಪ್ರಯೋಗಾಲಯದ ಸಾಮಾನ್ಯ ನಿರ್ವಾತದಲ್ಲೂ ಅಷ್ಟು ಹೊತ್ತು ಡಿಕ್ಕಿ ತಪ್ಪಿಸಿಕೊಳ್ಳಲಾಗದು. ನೀಹಾರಿಕೆಯ ತೆಳು ಅನಿಲದಲ್ಲಿ ಆಗುತ್ತದೆ.

ಹಸಿರು ಹೆಚ್ಚಿದ್ದರೆ ನಕ್ಷತ್ರ ಹೆಚ್ಚು ಬಿಸಿ ಎಂದುಕೊಳ್ಳುವುದು ಸಹಜ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಂ33, ಎಂ101ರಂಥ ಗ್ಯಾಲಕ್ಸಿಗಳಲ್ಲಿ ನಡುವಿನಿಂದ ಅಂಚಿಗೆ ಹೋದಂತೆ ಮೋಡಗಳ ಹಸಿರು ರೇಖೆ ಹೈಡ್ರೋಜನ್‌ಗೆ ಹೋಲಿಸಿದರೆ ಬಲವಾಗುತ್ತ ಹೋಗುತ್ತದೆ. 1971ರಲ್ಲಿ ಲಿಯೊನಾರ್ಡ್ ಸರ್ಲ್ ಇದನ್ನು ಗ್ಯಾಲಕ್ಸಿಯ ರಾಸಾಯನಿಕ ಇಳಿಜಾರು ಎಂದು ಓದಿದರು: ಅಂಚಿನಲ್ಲಿ ಆಮ್ಲಜನಕ ಕಡಿಮೆ. ಆಮ್ಲಜನಕ ಕಡಿಮೆಯಾದಷ್ಟೂ ಆಮ್ಲಜನಕದ ರೇಖೆ ಬಲವಾಗುವುದು ವಿಚಿತ್ರವೆನಿಸಬಹುದು. ಆದರೆ ಮೋಡವನ್ನು ತಂಪು ಮಾಡುವುದೇ ಆಮ್ಲಜನಕ, ಸಾರಜನಕ, ಗಂಧಕಗಳ ಈ ರೇಖೆಗಳು. ಅವು ಕಡಿಮೆಯಾದರೆ ಶಾಖ ಹೊರಹೋಗುವ ದಾರಿ ಕಿರಿದಾಗಿ ಅನಿಲ ಬಿಸಿಯಾಗುತ್ತದೆ, ಎಲೆಕ್ಟ್ರಾನ್‌ಗಳು ಜೋರಾಗಿ ಬಡಿದು ಇರುವ ಸ್ವಲ್ಪ ಆಮ್ಲಜನಕದಿಂದಲೇ ಹೆಚ್ಚು ಹಸಿರು ಹೊರಡಿಸುತ್ತವೆ. ಆಮ್ಲಜನಕ ಸಮೃದ್ಧವಾದ ತಂಪು ಮೋಡದಲ್ಲಿ ಅದೇ ಶಾಖ ಕಣ್ಣಿಗೆ ಕಾಣದ ದೂರ ಅವಕೆಂಪು ರೇಖೆಗಳಲ್ಲಿ ಹೊರಹೋಗುತ್ತದೆ. ಆಮ್ಲಜನಕ ತೀರಾ ಕಡಿಮೆಯಾದರೆ ಮಾತ್ರ ಹಸಿರು ರೇಖೆ ಮತ್ತೆ ಸೊರಗುತ್ತದೆ. ಅಂದರೆ ಒಂದೇ ರೇಖೆಯ ಬಲಕ್ಕೆ ಎರಡು ಉತ್ತರ ಸಾಧ್ಯ. ಯಾವುದು ಸರಿ ಎಂದು ಬಿಡಿಸಲು 436.3 ನ್ಯಾನೋಮೀಟರ್‌ನ ಕ್ಷೀಣ ಆಮ್ಲಜನಕ ರೇಖೆ ಬೇಕು. 500.7ರೊಂದಿಗೆ ಅದರ ಅನುಪಾತ ಅನಿಲದ ತಾಪವನ್ನು ನೇರವಾಗಿ ಕೊಡುತ್ತದೆ. ಆ ರೇಖೆ 500.7ಕ್ಕಿಂತ ನೂರು ಪಟ್ಟಿನಷ್ಟು ಮಂಕಾಗಿರುವುದು ಸಾಮಾನ್ಯ, ಸಾಕಷ್ಟು ಮೋಡಗಳಲ್ಲಿ ಸಿಗುವುದೇ ಇಲ್ಲ. ಸಾಂದ್ರತೆಗೆ ಗಂಧಕದ 671.6 ಮತ್ತು 673.1ರ ಜೋಡಿರೇಖೆ ಸಾಕು: ತೆಳು ಅನಿಲದಲ್ಲಿ ಮೊದಲನೆಯದು ಎರಡನೆಯದರ 1.4 ಪಟ್ಟು, ದಟ್ಟ ಅನಿಲದಲ್ಲಿ ಅರ್ಧಕ್ಕಿಂತ ಕಡಿಮೆ.

ಗುಚ್ಛದ ಬೆಳಕಿನಲ್ಲಿ 468.6 ನ್ಯಾನೋಮೀಟರ್ ಸುತ್ತ ಅಗಲವಾದ ಉಬ್ಬು ಕಂಡರೆ ಅಲ್ಲಿ ವುಲ್ಫ್-ರಾಯೆ ನಕ್ಷತ್ರಗಳಿವೆ ಎಂದರ್ಥ. 1867ರಲ್ಲಿ ಪ್ಯಾರಿಸ್‌ನಲ್ಲಿ ಗುರುತಿಸಿದ ಇವು ಸೆಕೆಂಡಿಗೆ ಸಾವಿರದಿಂದ ಎರಡೂವರೆ ಸಾವಿರ ಕಿಲೋಮೀಟರ್ ವೇಗದಲ್ಲಿ ಹೊರಪದರವನ್ನು ಊದಿಬಿಡುತ್ತವೆ, ರೇಖೆ ಅಗಲವಾಗುವುದು ಆ ವೇಗದಿಂದ. ಅದೇ ಜಾಗದಲ್ಲಿ ಕಿರಿದಾದ ರೇಖೆ ಕಂಡರೆ ಅದು ಅನಿಲದಲ್ಲಿರುವ ಹೀಲಿಯಂನದ್ದು, ಅದಕ್ಕೆ 54.4 ಎಲೆಕ್ಟ್ರಾನ್ ವೋಲ್ಟ್ ಮೀರಿದ ಫೋಟಾನ್ ಬೇಕು. ಸಾಧಾರಣ ಓ ನಕ್ಷತ್ರಗಳು ಅಷ್ಟನ್ನು ಕೊಡಲಾರವು. ಭಾರವಾದ ಧಾತುಗಳು ಕಡಿಮೆಯಿರುವ ಕುಬ್ಜ ಗ್ಯಾಲಕ್ಸಿಗಳಲ್ಲಿ ಈ ಕಿರಿದು ರೇಖೆ ಎಲ್ಲಿಂದ ಬರುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕ್ಷ-ಕಿರಣ ಸೂಸುವ ಜೋಡಿಗಳು, ಹೊದಿಕೆ ಕಳಚಿದ ನಕ್ಷತ್ರಗಳು, ಆಘಾತ ತರಂಗಗಳು ಎಲ್ಲಕ್ಕೂ ವಕೀಲರಿದ್ದಾರೆ.

ಮೀಟರ್ ತಪ್ಪು ತೋರಿಸುವ ಜಾಗಗಳಲ್ಲಿ ಮೊದಲನೆಯದು ಧೂಳು. ಅದು ನೀಲಿಯನ್ನು ಕೆಂಪಿಗಿಂತ ಹೆಚ್ಚು ತಡೆಯುತ್ತದೆ. ಧೂಳಿಲ್ಲದಿದ್ದರೆ ಎಚ್-ಆಲ್ಫಾ ಎಚ್-ಬೀಟಾದ 2.86 ಪಟ್ಟು ಇರಬೇಕು. ಅಳೆದಾಗ 4 ಬಂದರೆ, ಎಚ್-ಆಲ್ಫಾ ನಿಜವಾಗಿ ಕಂಡದ್ದಕ್ಕಿಂತ ಎರಡು ಪಟ್ಟಿಗೂ ತುಸು ಹೆಚ್ಚು. ತಿದ್ದದೆ ಬಿಟ್ಟರೆ ಅರ್ಧಕ್ಕೂ ಹೆಚ್ಚು ನಕ್ಷತ್ರಗಳು ಲೆಕ್ಕ ತಪ್ಪುತ್ತವೆ. ಎಚ್-ಬೀಟಾ ಅಳೆಯುವಾಗ ಗುಚ್ಛದ ನಕ್ಷತ್ರಗಳ ಹೀರುರೇಖೆಯೂ ಅದೇ ಜಾಗದಲ್ಲಿ ಕುಳಿತಿರುತ್ತದೆ. ಅದನ್ನು ಸರಿಪಡಿಸದಿದ್ದರೆ ಇಲ್ಲದ ಧೂಳು ಇದೆಯೆಂದು ಬರುತ್ತದೆ. ಅತಿನೇರಳೆ ಫೋಟಾನನ್ನು ಹೈಡ್ರೋಜನ್ ಹೀರುವ ಮೊದಲೇ ಧೂಳು ಹೀರಿದರೆ ಅದು ಯಾವ ಹೈಡ್ರೋಜನ್ ರೇಖೆಯಲ್ಲೂ ಕಾಣುವುದಿಲ್ಲ, ಆ ಶಕ್ತಿಯನ್ನು ಅವಕೆಂಪಿನಲ್ಲಿ ಹುಡುಕಬೇಕು.

ಎರಡನೆಯದು ಸೋರಿಕೆ. ಸುರುಳಿ ಗ್ಯಾಲಕ್ಸಿಗಳ ಒಟ್ಟು ಎಚ್-ಆಲ್ಫಾ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರುವುದು ಚುಕ್ಕೆಗಳ ನಡುವಿನ ಚೆದುರಿದ ಮಸುಕು ಅನಿಲದಿಂದ. ಮೋಡಗಳಿಂದ ತಪ್ಪಿಸಿಕೊಂಡ ಫೋಟಾನ್‌ಗಳೇ ಅದರ ಮುಖ್ಯ ಮೂಲ. ಚುಕ್ಕೆಯ ಸುತ್ತ ಬಿಗಿಯಾದ ವೃತ್ತ ಎಳೆದು ಅಳೆದರೆ ಆ ಪಾಲು ತಪ್ಪಿಹೋಗುತ್ತದೆ. ಇನ್ನು ಹೊಳೆಯುವುದೆಲ್ಲ ನಕ್ಷತ್ರದ ಕೆಲಸವೂ ಅಲ್ಲ. ಸೂಪರ್‌ನೋವಾ ಅವಶೇಷಗಳೂ ಎಚ್-ಆಲ್ಫಾ ಸೂಸುತ್ತವೆ. ಗಂಧಕದ ಜೋಡಿರೇಖೆಯ ಬೆಳಕು ಎಚ್-ಆಲ್ಫಾದ 0.4 ಪಟ್ಟಿಗಿಂತ ಹೆಚ್ಚಿದ್ದರೆ ಆಘಾತ ತರಂಗವೆಂದು ಅನುಮಾನಿಸಿ. ಗ್ಯಾಲಕ್ಸಿಯ ನಟ್ಟನಡುವಿನ ಹೊಳಪು ಕಪ್ಪುಕುಳಿಯದ್ದಿರಬಹುದು, ಅದನ್ನು ಬೇರ್ಪಡಿಸಲು ಸಾರಜನಕ ಮತ್ತು ಆಮ್ಲಜನಕದ ರೇಖೆಗಳನ್ನು ಹೈಡ್ರೋಜನ್‌ಗೆ ಹೋಲಿಸುವ, 1981ರಿಂದ ಬಳಕೆಯಲ್ಲಿರುವ ನಕ್ಷೆಯಿದೆ.

ಚಿತ್ರಗಳ ಬಣ್ಣದ ಪ್ರಶ್ನೆಗೆ ಉತ್ತರ ಅರ್ಧ ಮೋಡದಲ್ಲಿದೆ, ಅರ್ಧ ಕ್ಯಾಮೆರಾದಲ್ಲಿ. ಎಚ್-ಆಲ್ಫಾದ ಕೆಂಪಿಗೆ ಎಚ್-ಬೀಟಾದ ನೀಲಿ ಮತ್ತು ನಕ್ಷತ್ರಗಳ ಬಿಳಿ ಬೆರೆತರೆ ಗುಲಾಬಿ. ಆಮ್ಲಜನಕದ ಹಸಿರು ಬಲವಾಗಿದ್ದರೆ ನಡುಭಾಗ ತಿಳಿಹಸಿರು ಅಥವಾ ಬೂದಿ. ಸಾಮಾನ್ಯ ಕ್ಯಾಮೆರಾದೊಳಗಿನ ಅವಕೆಂಪು ತಡೆಯುವ ಗಾಜು 656 ನ್ಯಾನೋಮೀಟರ್‌ನ ಬಹುಪಾಲನ್ನೂ ತಡೆಯುವುದರಿಂದ, ಅದರಲ್ಲಿ ತೆಗೆದ ಚಿತ್ರದಲ್ಲಿ ಮೋಡ ಪೇಲವ. ಹಬಲ್‌ನ ಹೆಸರಾಂತ ಹಲವು ಚಿತ್ರಗಳಲ್ಲಿ ಗಂಧಕಕ್ಕೆ ಕೆಂಪು, ಎಚ್-ಆಲ್ಫಾಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿರುತ್ತಾರೆ. ಅಂಥ ಚಿತ್ರದಲ್ಲಿ ಹಸಿರಾಗಿ ಕಂಡದ್ದು ಬಹುಶಃ ಆಕಾಶದಲ್ಲಿ ಕೆಂಪೇ. ಚಿತ್ರದ ಕೆಳಗಿನ ಫಿಲ್ಟರ್ ವಿವರ ಓದದೆ ಬಣ್ಣದಿಂದ ಏನನ್ನೂ ತೀರ್ಮಾನಿಸಬೇಡಿ.

ನೀವೇ ಅಳೆಯಬಹುದು. ಶುರು ಮಾಡುವುದಾದರೆ ಎಂ33. ಎನ್‌ಜಿಸಿ 604 ಅಲ್ಲಿ ಸುಮಾರು ಎರಡು ಆರ್ಕ್‌ಮಿನಿಟ್ ಅಗಲವಿದೆ, 100 ಮಿಲಿಮೀಟರ್ ದೂರದರ್ಶಕಕ್ಕೂ ಎಟಕುತ್ತದೆ. ಏಕವರ್ಣ ಕ್ಯಾಮೆರಾ, ಎಚ್-ಆಲ್ಫಾ ಫಿಲ್ಟರ್, ಮತ್ತು ಸಾಮಾನ್ಯ ಕೆಂಪು ಫಿಲ್ಟರ್ ಬೇಕು. ಎಚ್-ಆಲ್ಫಾದಲ್ಲಿ 3ರಿಂದ 5 ನಿಮಿಷದ ಎಕ್ಸ್‌ಪೋಶರ್‌ಗಳನ್ನು ಒಟ್ಟು 3–4 ಗಂಟೆ ಸೇರಿಸಿ, ಕೆಂಪಿನಲ್ಲಿ ಅದರ ಕಾಲುಭಾಗ ಸಾಕು. ಡಾರ್ಕ್ ಮತ್ತು ಫ್ಲಾಟ್ ತಿದ್ದುಪಡಿ (ಕ್ಯಾಮೆರಾದ ಸ್ವಂತ ಗದ್ದಲವನ್ನೂ ಚಿತ್ರದ ಅಸಮ ಬೆಳಕನ್ನೂ ಸರಿಪಡಿಸುವುದು) ಎರಡಕ್ಕೂ ಮಾಡಿ, ಹಿನ್ನೆಲೆಯ ಆಕಾಶವನ್ನು ಕಳೆಯಿರಿ. ಆಮೇಲೆ ಕೆಂಪು ಚಿತ್ರವನ್ನು ಯಾವುದೋ ಒಂದು ಗುಣಕದಿಂದ ಗುಣಿಸಿ ಎಚ್-ಆಲ್ಫಾ ಚಿತ್ರದಿಂದ ಕಳೆಯಬೇಕು. ಮುಂಭಾಗದ ಸಾಧಾರಣ ನಕ್ಷತ್ರಗಳು ಮಾಯವಾಗುವ ಗುಣಕವೇ ಸರಿಯಾದದ್ದು. ಅದಕ್ಕೆ ಹತ್ತಿಪ್ಪತ್ತು ನಕ್ಷತ್ರಗಳನ್ನು ಬಳಸಿ, ಕ್ಯಾಮೆರಾದ ಮಿತಿ ಮೀರಿ ಉಕ್ಕಿಹರಿದ ನಕ್ಷತ್ರಗಳನ್ನೂ ತೀರಾ ಕೆಂಪಾದವನ್ನೂ ಬಿಡಿ. ಗುಣಕ ಹೆಚ್ಚಾದರೆ ಗ್ಯಾಲಕ್ಸಿಯ ನಡುಭಾಗ ಕಪ್ಪು ಗುಂಡಿಯಾಗುತ್ತದೆ, ಕಡಿಮೆಯಾದರೆ ನಡುಭಾಗವೆಲ್ಲ ಎಚ್-ಆಲ್ಫಾ ಸೂಸಿದಂತೆ ತೋರುತ್ತದೆ. ಹೀಗೆ ಉಳಿದ ಚಿತ್ರದಲ್ಲಿ ಎನ್‌ಜಿಸಿ 604ನ್ನೂ ಅದೇ ಗ್ಯಾಲಕ್ಸಿಯ ಎನ್‌ಜಿಸಿ 595ನ್ನೂ ಅಳೆದು ಅನುಪಾತ ತೆಗೆಯಿರಿ. ದೂರ ಎರಡಕ್ಕೂ ಒಂದೇ ಆದ್ದರಿಂದ, ಧೂಳಿನ ವ್ಯತ್ಯಾಸ ಬಿಟ್ಟರೆ, ಬೆಳಕಿನ ಅನುಪಾತವೇ ಫೋಟಾನ್‌ಗಳ ಅನುಪಾತ.

ಫಿಲ್ಟರ್ ಆಯ್ಕೆಯಲ್ಲಿ ಎಚ್ಚರ. 7 ನ್ಯಾನೋಮೀಟರ್ ಅಗಲದ್ದಾದರೆ 654.8 ಮತ್ತು 658.4ರ ಸಾರಜನಕ ರೇಖೆಗಳೂ ಒಳಗೆ ಬರುತ್ತವೆ. ಭಾರವಾದ ಧಾತುಗಳು ಸಮೃದ್ಧವಾಗಿರುವ ನಡುಭಾಗದ ಮೋಡಗಳಲ್ಲಿ ಇದು ಸಣ್ಣ ತಪ್ಪೇನಲ್ಲ. 3 ನ್ಯಾನೋಮೀಟರ್ ಫಿಲ್ಟರ್ ಅವೆರಡರಲ್ಲಿ ಬಲವಾದ 658.4ನ್ನು ಬಹುತೇಕ ಹೊರಗಿಡುತ್ತದೆ. ಆದರೆ ಎಂ33 ಸೆಕೆಂಡಿಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿರುವುದರಿಂದ ರೇಖೆಗಳೆಲ್ಲ 0.4 ನ್ಯಾನೋಮೀಟರ್ ನೀಲಿಯತ್ತ ಸರಿದು ಸಾರಜನಕ ಅಂಚಿಗೆ ಬಂದು ನಿಲ್ಲುತ್ತದೆ. ಎಂ101 ಸೆಕೆಂಡಿಗೆ 240 ಕಿಲೋಮೀಟರ್ ದೂರ ಸರಿಯುತ್ತಿದೆ, 0.5 ನ್ಯಾನೋಮೀಟರ್ ಕೆಂಪಿನತ್ತ ಸರಿತ, ತೊಂದರೆಯಿಲ್ಲ. ಕನ್ಯಾ ಗುಚ್ಛದ ಗ್ಯಾಲಕ್ಸಿಗಳು ದೂರ ಸರಿಯುವ ಸರಾಸರಿ ವೇಗ ಸೆಕೆಂಡಿಗೆ 1,100 ಕಿಲೋಮೀಟರ್ ಹತ್ತಿರ, ಎಚ್-ಆಲ್ಫಾ 2.4 ನ್ಯಾನೋಮೀಟರ್ ಸರಿದಿರುತ್ತದೆ. 656.3ಕ್ಕೆ ಕೇಂದ್ರವಾದ 3 ನ್ಯಾನೋಮೀಟರ್ ಫಿಲ್ಟರಿನ ಅಂಚು ಅಲ್ಲಿಂದ 1.5 ಮಾತ್ರ. ಎಫ್/2ರಂಥ ವೇಗದ ದೂರದರ್ಶಕವಾದರೆ ಓರೆಯಾಗಿ ಬೀಳುವ ಕಿರಣಗಳಿಂದ ಫಿಲ್ಟರಿನ ಪಟ್ಟಿಯೇ ನೀಲಿಯತ್ತ ಜಾರಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಅಲ್ಲಿ ಎಷ್ಟು ಗಂಟೆ ಎಕ್ಸ್‌ಪೋಶರ್ ಕೊಟ್ಟರೂ ಚುಕ್ಕೆಗಳು ಬಾರವು. 7 ನ್ಯಾನೋಮೀಟರ್ ಫಿಲ್ಟರ್ ಹಾಕಿ, ಗ್ಯಾಲಕ್ಸಿಯ ವೇಗವನ್ನು ಮೊದಲೇ ನೋಡಿಕೊಂಡು ಹೊರಡಿ.